ಎಡೆಯ ದಿನ ಹೋದ ದನಿ

ನಮ್ಮ ಅವ್ವನಿಗೆ ಕಂಪ್ಯೂಟರಿನಲ್ಲಿ ಬರುತ್ತಿದ್ದದ್ದು ಒಂದೇ ಕೆಲಸ. ಕೀಬೋರ್ಡಿನ ಎಲ್ಲಕ್ಕಿಂತ ಉದ್ದದ ಗುಂಡಿ ಒತ್ತುವುದು. ಒತ್ತಿದರೆ ಸತ್ತುಹೋದ ಅಣ್ಣ ಮಾತಾಡುತ್ತಿದ್ದ.

ಅಣ್ಣ ಗಡಿಯಾಚೆಯ ತಮಿಳು ಸೀಮೆಗೆ ಸೇರಿದ ತಾಳವಾಡಿಯ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದ. ಅಂಗಡಿ, ಆಫೀಸು, ಬಸ್ಸಿನ ಬೋರ್ಡು ಎಲ್ಲಾ ತಮಿಳಾದರೂ ನಮ್ಮ ಮಕ್ಕಳು ಮನೆಯಲ್ಲಿ ಆಡುವುದು ಕನ್ನಡ. ಅವರಿಗೆ ಅಕ್ಷರ ಕಲಿಸಲೆಂದು ಅವನೇ ಒಂದು ಪ್ರೋಗ್ರಾಮ್ ಬರೆದಿದ್ದ. ಪರದೆಯ ಮೇಲೊಂದು ಚಿತ್ರ, ಕೆಳಗೆ ಮೂರು ಅಕ್ಷರ. ಸರಿಯಾದದ್ದನ್ನು ಆರಿಸಿದರೆ ಅವನದೇ ದನಿ, ‘ಭೇಷ್ ಕಣ್ಲಾ!’ ತಪ್ಪಿದರೆ, ‘ಊಹೂಂ, ಇನ್ನೊಂದ್ಸಲ ನೋಡ್ಲಾ.’ ಭಾನುವಾರ ನಮ್ಮೂರು ಜೀರಹಳ್ಳಿಯ ಅರ್ಧ ಮಕ್ಕಳು ನಮ್ಮ ಮನೆಯಲ್ಲೇ ಇರುತ್ತಿದ್ದವು.

ಆಮೇಲೆ ಅವನಿಗೆ ಕಾಮಾಲೆ ಬಂತು. ನಾಟಿ ಔಷಧಿಯೇ ಸಾಕೆಂದು ಹಟ ಹಿಡಿದ, ಒಂದೇ ತಿಂಗಳಲ್ಲಿ ಹೊರಟೇಹೋದ. ನಮ್ಮೂರಿಗೆ ಆಗಿನ್ನೂ ಮೊಬೈಲು ಬಂದಿರಲಿಲ್ಲ. ಅವನ ದನಿಯೆಂದು ಈ ಲೋಕದಲ್ಲಿ ಉಳಿದದ್ದು ಆ ಪ್ರೋಗ್ರಾಮಿನ ಫೋಲ್ಡರಿನಲ್ಲಿ ಮಾತ್ರ.

ಅವ್ವನಿಗೆ ಓದು ಬಾರದು. ಉದ್ದದ ಗುಂಡಿ ಒತ್ತಿದರೆ ಉತ್ತರ ಯಾವಾಗಲೂ ತಪ್ಪೇ. ‘ಊಹೂಂ’ ಎನ್ನುತ್ತಿದ್ದ ಅಣ್ಣ. ‘ಆಯ್ತು ಕಣಪ್ಪ, ನೋಡ್ತೀನಿ’ ಎಂದು ಇವಳು ಮತ್ತೆ ಒತ್ತುತ್ತಿದ್ದಳು. ಮೊದಮೊದಲು ನಾನು ಅದನ್ನು ಕಂಡು ಅಳುತ್ತಿದ್ದೆ, ಬರುಬರುತ್ತಾ ರೇಗತೊಡಗಿದೆ. ಅದೇ ಕಂಪ್ಯೂಟರಿನಲ್ಲಿ ನಾನು ಅರ್ಜಿ, ಲಗ್ನಪತ್ರಿಕೆ ಟೈಪ್ ಮಾಡಿಕೊಡುತ್ತಿದ್ದೆ. ಅಳು ಎಷ್ಟು ದಿನ ತಾನೇ ಇರುತ್ತದೆ, ಹೊಟ್ಟೆಪಾಡು ನೋಡಬೇಕಲ್ಲ.

ಅವನು ಹೋದ ಮೇಲಿನ ಮೊದಲ ಮಹಾಲಯ ಅಮಾವಾಸ್ಯೆ ಬಂತು. ಆವತ್ತು ನಮ್ಮಲ್ಲಿ ಸತ್ತವರಿಗೆ ಎಡೆ ಇಡುತ್ತೇವೆ. ಅವರಿಗೆ ಇಷ್ಟವಾದದ್ದನ್ನು ಬಾಳೆಲೆಯಲ್ಲಿ ಬಡಿಸಿ, ಹೊಸ ಬಟ್ಟೆ ಇಟ್ಟು, ದೀಪ ಹಚ್ಚಿ, ಉಣ್ಣಲು ಕರೆದು, ಬಾಗಿಲು ಮುಚ್ಚಿಕೊಂಡು ಹೊರಗೆ ಕೂರಬೇಕು. ಮತ್ತೆ ಬಾಗಿಲು ತೆಗೆಯುವ ಮುಂಚೆ ಕೆಮ್ಮಬೇಕು. ಇಲ್ಲದಿದ್ದರೆ ಉಣ್ಣುತ್ತಿರುವವರು ಬೆಚ್ಚಿ ಅರ್ಧಕ್ಕೇ ಏಳುತ್ತಾರೆ ಎನ್ನುವುದು ನಂಬಿಕೆ.

ನಡುಮನೆಯಲ್ಲಿ ಎಡೆ ಇಡೋಣ ಎಂದೆ. ಅವ್ವ ಒಪ್ಪಲಿಲ್ಲ. ‘ಅವ್ನು ಕೂರ್ತಿದ್ದುದ್ದು ಕಂಪೂಟ್ರು ಮುಂದ್ಗಡೆ. ಇಲ್ಲಿಕ್ಕುದ್ರೆ ಉಡುಕಾಡ್ತಾನೆ ಕಣ್ಮಗ’ ಎಂದಳು.

ಆ ವಾರವೆಲ್ಲ ಹಾರ್ಡ್‌ಡಿಸ್ಕು ಕಟಕಟ ಅನ್ನುತ್ತಿತ್ತು. ಹೆದರಿ ಚಾಮರಾಜನಗರಕ್ಕೆ ಹೋಗಿ ಒಂದು ಪೆನ್ ಡ್ರೈವ್ ತಂದಿದ್ದೆ. ಅಮಾವಾಸ್ಯೆಯ ಬೆಳಿಗ್ಗೆ ಅಣ್ಣನ ಫೋಲ್ಡರನ್ನು ಅದಕ್ಕೆ ಹೋಗಲು ಬಿಟ್ಟು, ಅದು ಮುಗಿಯುವಷ್ಟರಲ್ಲಿ ವಡೆಗೆ ರುಬ್ಬೋಣವೆಂದು ಅಡುಗೆಮನೆಗೆ ಹೋದೆ. ರುಬ್ಬುತ್ತಿರುವಾಗಲೇ ಮಿಕ್ಸಿ ನಿಂತಿತು. ಕರೆಂಟು ಹೋಯಿತೆಂದು ಶಾಪ ಹಾಕುತ್ತಾ ಹೊರಬಂದರೆ ಎದುರುಮನೆಯಲ್ಲಿ ಟಿ.ವಿ. ಹಾಡುತ್ತಿತ್ತು. ನಮ್ಮ ಜಗಲಿಯ ಮೇನ್ ಸ್ವಿಚ್ಚು ಕೆಳಗಿಳಿದಿತ್ತು. ಅಣ್ಣನ ಕೋಣೆಯ ಬಾಗಿಲು ಮುಚ್ಚಿತ್ತು, ಸಂದಿಯಿಂದ ಸಾಂಬ್ರಾಣಿ ಹೊಗೆ ಬರುತ್ತಿತ್ತು, ಅವ್ವ ಹೊರಗೆ ಕೂತಿದ್ದಳು.

‘ವಡೆ ಆಗೋಕ್ ಮುಂಚೆನೇ ಬಾಗ್ಲಾಕ್ಬುಟ್ಯಾ? ಮೇನ್ ಯಾಕವ್ವ ಆಪ್ ಮಾಡ್ದೆ?’

‘ವಡೆ ನಾಳಿಕ್ ಮಾಡು. ರಾವುಕಾಲ ಬತ್ತದೆ. ಕರೆಂಟ್ ಬೆಳುಕ್ನಾಗೆ, ಆ ಗುರ್ ಅನ್ನೋ ಸದ್ನಾಗೆ ಇರೀಕ್ರು ಬತ್ತಾರಾ? ಆ ಡಬ್ಬ ಮುಟ್ಟಕ್ಕೆ ಬಯ ನಂಗೆ, ಅದ್ಕೇ ಅಲ್ಲಿಂದ್ಲೇ ಇಳುಸ್ದೆ.’ ನಾನು ಬಾಗಿಲಿಗೆ ಕೈ ಹಾಕಿದೆ. ಅವಳು ಕೈ ಹಿಡಿದುಕೊಂಡಳು. ‘ಸುಮ್ಕೆ ಕೂತ್ಕೊ. ನಿಮ್ಮಣ್ಣ ಉಣ್ತಾವ್ನೆ.’

ಕೂತೆ. ಯುಪಿಎಸ್ ಎನ್ನುವುದೊಂದು ಹೆಸರಿಗೆ ಇತ್ತು, ಅದರ ಬ್ಯಾಟರಿ ಕೆಟ್ಟು ವರ್ಷವಾಗಿತ್ತು. ಒಳಗೆ ಏನಾಗಿದೆಯೆಂದು ನನಗೆ ಗೊತ್ತಿತ್ತು, ಬಾಗಿಲು ಮಾತ್ರ ತೆಗೆಯುವ ಹಾಗಿರಲಿಲ್ಲ. ಅಷ್ಟು ಉದ್ದದ ಅರ್ಧ ಗಂಟೆಯನ್ನು ನಾನು ಮತ್ತೆಂದೂ ಕಳೆದಿಲ್ಲ.

ಅವ್ವ ಕೆಮ್ಮಿ ಬಾಗಿಲು ತೆಗೆದಳು. ಎಲೆ ಹಾಕಿದ ಹಾಗೇ ಇತ್ತು. ಮೇನ್ ಹಾಕಿ ಕಂಪ್ಯೂಟರ್ ಶುರು ಮಾಡಿದೆ. ನೀಲಿ ಪರದೆ ಬಂತು, ಡಿಸ್ಕನ್ನು ಪರೀಕ್ಷಿಸುತ್ತೇನೆ ಎಂದು ಬಹಳ ಹೊತ್ತು ತಿಣುಕಾಡಿತು. ಕೊನೆಗೆ ಎಲ್ಲ ಸರಿಯಿದ್ದಂತೆ ಕಂಡಿತು. ಅಣ್ಣನ ಪ್ರೋಗ್ರಾಮಿನ ಮೇಲೆ ಒತ್ತಿದರೆ ಮಾತ್ರ, ಅಂಥ ಫೈಲೇ ಇಲ್ಲ ಎಂದಿತು. ಪೆನ್ ಡ್ರೈವಿನಲ್ಲಿ ಎಲ್ಲ ಫೈಲುಗಳ ಹೆಸರಿತ್ತು, ಒಳಗೆ ಏನೂ ಇರಲಿಲ್ಲ.

ಇಲ್ಲೊಂದು ಸತ್ಯ ಹೇಳಬೇಕು. ನಾನು ಆ ಫೋಲ್ಡರನ್ನು ಕಾಪಿ ಮಾಡಿರಲಿಲ್ಲ, ಕಟ್ ಮಾಡಿದ್ದೆ. ಡಿಸ್ಕಿನಲ್ಲಿ ಜಾಗ ಸಾಲದು, ಅವನದನ್ನು ಸಾಗಿಸಿದರೆ ನನ್ನ ಕೆಲಸಕ್ಕೆ ಅನುಕೂಲ ಎಂದುಕೊಂಡಿದ್ದೆ. ಕಾಪಿ ಮಾಡಿದ್ದರೆ ಮೂಲ ಉಳಿಯುವ ಸಂಭವ ಹೆಚ್ಚಿತ್ತು. ಆದರೆ ಆವತ್ತು ಬಾಯಿಗೆ ಬಂದದ್ದು, ‘ನೀನೇ ಅವನನ್ನ ಅಳಿಸ್ಬುಟ್ಟೆ ಕಣವ್ವ’ ಎಂಬ ಮಾತು.

ಅವ್ವ ಎಡೆಯ ಎಲೆಯನ್ನು ಎತ್ತುತ್ತಾ, ‘ಉಣ್ಣಕ್ ಕರ್ದು ನಾನೇ ಅಟ್ಬುಟ್ನಲ್ಲಾ’ ಎಂದಷ್ಟೇ ಹೇಳಿದಳು. ಅಂದಿನಿಂದ ಆ ಕೋಣೆಯ ಹೊಸಿಲು ದಾಟಲಿಲ್ಲ. ಮಧ್ಯಾಹ್ನ ಊಟಕ್ಕೆ ಕರೆದರೆ ಹಸಿವಿಲ್ಲ ಅನ್ನುತ್ತಿದ್ದಳು. ನನಗೋ, ಕೈತಪ್ಪಿ ಒಂದು ಲೋಟ ಬಿದ್ದರೂ ಒಳಗಿನಿಂದ ‘ಊಹೂಂ’ ಎಂದು ಕೇಳಿಸುತ್ತಿತ್ತು. ಹಾಡುಹಗಲಲ್ಲೇ ಕೇಳಿಸುತ್ತಿತ್ತು. ನಾನು ದೆವ್ವ ನಂಬುವವಳಲ್ಲ, ಆದರೂ ಆ ಕೋಣೆಗೆ ಹೋಗುವ ಮುಂಚೆ ಕೆಮ್ಮತೊಡಗಿದೆ.

ಸಿಪಿಯುವನ್ನು ಅವ್ವನ ಹಳೇ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ದಿಂಬಂ ಘಾಟಿಯ ತಿರುವು ತಿರುವಿಗೂ ಅಪ್ಪಿ ಹಿಡಿದು ಸತ್ಯಮಂಗಲಕ್ಕೆ ಒಯ್ದೆ. ರಿಪೇರಿಯವನು ನೋಡಿ, ‘ಫಾರ್ಮ್ಯಾಟ್ ಪಣ್ಣಿಡಲಾಮಾ?’ ಎಂದ. ಎಲ್ಲವನ್ನೂ ಒರೆಸಿ ಹೊಸದು ಮಾಡೋಣವೇ ಅಂತ! ಅಂಗಡಿಯಲ್ಲೇ ನಿಂತು ಕೂಗಾಡಿಬಿಟ್ಟೆ. ಏನು ಕಳೆದಿದೆ ಎಂದು ತಿಳಿದ ಮೇಲೆ ಅವನೇ ಮೆತ್ತಗಾಗಿ ಒಂದು ದಾರಿ ತೋರಿಸಿದ. ಡಿಸ್ಕಿನ ಪರೀಕ್ಷೆ ನಡೆದಾಗ ಸಿಕ್ಕ ಚೂರುಗಳನ್ನೆಲ್ಲ ಕಂಪ್ಯೂಟರು ಒಂದು ಫೋಲ್ಡರಿನಲ್ಲಿ ತುಂಬಿಡುತ್ತದೆ. ಅವಕ್ಕೆ ಹೆಸರಿರುವುದಿಲ್ಲ, ನಂಬರು ಮಾತ್ರ. ಒಂದೊಂದನ್ನೂ ನೋಟ್‌ಪ್ಯಾಡಿನಲ್ಲಿ ತೆರೆದು ನೋಡಬೇಕು, ಮೊದಲಿಗೇ ‘ರಿಫ್’ (RIFF) ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಸೌಂಡ್ ಫೈಲು. ‘ಪೇರ್ ಮಾತ್ತಿ ಪಾರುಂಗಮ್ಮಾ’ ಎಂದ. ಹೆಸರು ಬದಲಿಸಿ ನೋಡಿ ಎಂದು. ದುಡ್ಡು ತೆಗೆದುಕೊಳ್ಳಲಿಲ್ಲ.

ಅಂಥ ಚೂರುಗಳು ನೂರಾರಿದ್ದವು. ನಾಲ್ಕು ದಿನ ಬೇರೆ ಕೆಲಸ ಮುಟ್ಟದೆ ಕೂತೆ. ತೆರೆದರೆ ಬರೀ ಕಸದಂಥ ಚಿಹ್ನೆಗಳು. ಪ್ರೋಗ್ರಾಮಿನ ಒಂದು ತುಂಡು ಸಿಕ್ಕಿತು, ಅದರ ನಡುವೆ ಅಣ್ಣ ತನಗೇ ಬರೆದುಕೊಂಡಿದ್ದ ಸಾಲು: ‘ಇದು ಯಾಕೆ ಕೆಲಸ ಮಾಡ್ತಿದೆಯೋ ದೇವರಿಗೇ ಗೊತ್ತು, ಮುಟ್ಟಬೇಡ.’ ನಕ್ಕೆ, ಆಮೇಲೆ ಬಿಕ್ಕಿ ಬಿಕ್ಕಿ ಅತ್ತೆ. ‘ಭೇಷ್’ ಸಿಗಲಿಲ್ಲ. ‘ಊಹೂಂ’ ಕೂಡ ಸಿಗಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ‘ರಿಫ್’ ಇದ್ದ ಒಂದು ಚೂರು ಸಿಕ್ಕಿತು. ಹೆಸರು ಬದಲಿಸಿ ಒತ್ತಿದೆ. ಮೊದಲು ಫ್ಯಾನಿನ ಸದ್ದು. ಅಣ್ಣ ಗಂಟಲು ಸರಿಮಾಡಿಕೊಂಡು ‘ಭೇ’ ಎನ್ನುವಷ್ಟರಲ್ಲಿ ದೂರದಿಂದ ಅವ್ವನ ಕೂಗು: ‘ಉಣ್ಣಕ್ ಬಾರ್ಲಾ, ಆರೋಯ್ತದೆ!’ ಅಣ್ಣ ಮೈಕಿಗೆ ತೀರಾ ಹತ್ತಿರದಲ್ಲೇ, ನಗುತ್ತಾ, ‘ಬತ್ತೀನಿ ಇರವ್ವ, ಇದೊಂದ್ ಮುಗುಸ್ಬುಟ್ಟು ಬತ್ತೀನಿ’ ಎನ್ನುತ್ತಾನೆ. ಅಷ್ಟೇ. ಅವ್ವ ಕೂಗಿ ಕೆಡಿಸಿದ್ದ ಆ ರೆಕಾರ್ಡಿಂಗನ್ನು ಅವನು ಯಾಕೋ ಅಳಿಸದೆ ಬಿಟ್ಟಿದ್ದ.

ತಲೆಯೆತ್ತಿದರೆ ಅವ್ವ ಹೊಸಿಲಿನ ಒಳಗೆ ನಿಂತಿದ್ದಳು. ‘ಇನ್ನೊಂದ್ಸಲ ಆಕು’ ಎಂದಳು. ಹಾಕಿದೆ. ಮತ್ತೆ ಹಾಕಿದೆ. ತಡೆಯಲಾರದೆ, ‘ಅವ್ವ, ತಪ್ಪು ನಿಂದಲ್ಲ. ನಾನು ಕಾಪಿ ಮಾಡ್ಲಿಲ್ಲ, ಕಟ್ ಮಾಡ್ಬುಟ್ಟೆ’ ಎಂದು ಎಲ್ಲವನ್ನೂ ಹೇಳಿದೆ.

‘ಸುಮ್ಕಿರು, ಕೇಳುಸ್ಕತಾ ಇವ್ನಿ’ ಎಂದಳು. ಆವತ್ತು ನನ್ನ ಜೊತೆ ಕೂತು ಉಂಡಳು.

ಮುಂದಿನ ವರ್ಷದ ಎಡೆಯೂ ಅದೇ ಮೇಜಿನ ಮೇಲೆ. ಆ ದನಿ ಹಾಕಲೇ ಎಂದು ಕೇಳಿದೆ. ಬೇಡ ಎಂದಳು. ದೀಪ ಹಚ್ಚಿ, ಪದ್ಧತಿಯ ಮಾತು ಯಾವುದನ್ನೂ ಆಡದೆ, ‘ಉಣ್ಣಕ್ ಬಾರ್ಲಾ, ಆರೋಯ್ತದೆ’ ಎಂದು ಕರೆದು ಬಾಗಿಲು ಮುಚ್ಚಿದಳು. ಮೇನ್ ಸ್ವಿಚ್ಚು ಮುಟ್ಟಲಿಲ್ಲ. ಇಬ್ಬರೂ ಹೊರಗೆ ಕೂತೆವು. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು. ಅವ್ವ ಕೆಮ್ಮಲೇ ಇಲ್ಲ. ಹೊತ್ತಾಯಿತೆಂದು ಮೆಲ್ಲಗೆ ಅವಳ ಮೊಣಕೈ ಮುಟ್ಟಿದೆ.

‘ಇರು’ ಎಂದಳು. ‘ಇದೊಂದ್ ಮುಗುಸ್ಬುಟ್ಟು ಬತ್ತಾನೆ.’