ಮೂರು ಖಾಲಿ ಮನೆಗಳು

ತಪ್ಪು ನನ್ನದು. ವೈನಿ ಬರೆದ ಉತ್ತರ ಸರಿಯಿತ್ತು, ನನ್ನ ಪದಬಂಧವೇ ತಪ್ಪಿತ್ತು — ಇದು ನನಗೆ ಅದೇ ದಿನ ಗೊತ್ತಾಗಿತ್ತು. ಎಂಟು ವರ್ಷ ಬಾಯಿ ಮುಚ್ಚಿಕೊಂಡು ಕೂತೆ.

ನಮ್ಮ ಜೈನರ ಹತ್ತು ದಿನದ ದಶಲಕ್ಷಣ ಪರ್ವ ಬಂತೆಂದರೆ ನಮ್ಮೂರ ಬಸದಿಗೆ ಶಾಸ್ತ್ರದ ಪದಬಂಧ ಮಾಡಿಕೊಡುವವನು ನಾನು. ಮಾಸ್ತರಿಕೆ ಮುಗಿದರೂ ಕೆಂಪು ಪೆನ್ನಿನ ಚಟ ಹೋಗಲಿಲ್ಲ ನೋಡಿ! ಚಿಕ್ಕೋಡಿಯಲ್ಲಿ ಝೆರಾಕ್ಸ್ ತೆಗೆಸಿ ಮನೆಮನೆಗೆ ಹಂಚುತ್ತೇನೆ. ಎಲ್ಲ ಸರಿ ತುಂಬಿದವರು ಕೊನೆಯ ದಿನ ಪೀಠದ ಮುಂದೆ ಕೂತು ಶಾಸ್ತ್ರ ಓದಬೇಕು, ಅದೇ ಬಹುಮಾನ. ಅಲ್ಲಿ ಯಾವ ಹೆಣ್ಣುಮಗಳೂ ಕೂತಿರಲಿಲ್ಲ. ವೈನಿಗೆ — ನನ್ನ ಅಣ್ಣನ ಹೆಂಡತಿಗೆ — ಆ ಆಸೆ ಬಹಳ ಇತ್ತು. ತವರು ನಿಪ್ಪಾಣಿ, ಶಾಸ್ತ್ರ ಕಲಿತದ್ದು ಮರಾಠಿಯಲ್ಲಿ. ನಮ್ಮ ಕನ್ನಡ ಪುಸ್ತಕವನ್ನು ತಿಂಗಳುಗಟ್ಟಲೆ ಓದಿ ತಯಾರಾಗಿದ್ದರು.

“ಹೊಸ ಕರ್ಮ ಒಳಬರದಂತೆ ತಡೆಯುವುದು — ಮೂರಕ್ಷರ.” ಅವಸರದಲ್ಲಿ ನಾನು ಉತ್ತರ ‘ನಿರ್ಜರ’ ಎಂದು ಗುರುತು ಹಾಕಿಕೊಂಡಿದ್ದೆ. ವೈನಿ ‘ಸಂವರ’ ಎಂದು ತುಂಬಿದರು. ತಡೆಯುವುದು ಸಂವರ, ಹಳೆಯದು ಉದುರುವುದು ನಿರ್ಜರ — ಪಾಠಶಾಲೆಯ ಮಕ್ಕಳಿಗೂ ಗೊತ್ತು! ನನ್ನ ಕೆಂಪು ಪೆನ್ನಿಗೆ ಮಾತ್ರ ಗೊತ್ತಾಗಲಿಲ್ಲ.

“ಮಾಸ್ತರ, ಒಮ್ಮೆ ಪುಸ್ತಕ ತಗದು ನೋಡ್ರಿ,” ಎಂದರು ವೈನಿ.

“ನಿಮ್ಮ ಮರಾಠಿ ಪುಸ್ತಕದಾಗ ಏನರ ಇರ್ಲಿ, ವೈನಿ. ಪದಬಂಧ ಮಾಡಿದಾಂವ ನಾನು.”

ಸಂಜೆ ಪುಸ್ತಕ ತೆಗೆದೆ. ಗೊತ್ತಾಯಿತು. ಆದರೂ — ಥೂ, ಎಂಥ ಸೊಕ್ಕು! — ಎಲ್ಲ ಸರಿ ಬರೆದವರು ಯಾರೂ ಇಲ್ಲವೆಂದು ಸಾರಿ, ಪೀಠದ ಮುಂದೆ ನಾನೇ ಕೂತೆ. ಓದುತ್ತ ಓದುತ್ತ ಸಂವರದ ಅರ್ಥ ಹೇಳುವ ಸಾಲೇ ಎದುರಿಗೆ ಬಂತು. ಅದನ್ನು ಹಾರಿಸಿ ಮುಂದಿನ ಸಾಲಿಗೆ ಹೋದೆ. ಶಾಸ್ತ್ರದ ಸಾಲನ್ನು! ಹೆಂಗಸರ ನಡುವಿನಿಂದ ವೈನಿಯೊಬ್ಬರೇ ತಲೆಯೆತ್ತಿ ನೋಡಿದರು.

ಬೈದಿದ್ದರೆ ಅಂದೇ ಮುಗಿದುಹೋಗುತ್ತಿತ್ತು. ಬೈಯಲಿಲ್ಲ ಮಹಾತಾಯಿ. ಅಂದಿನಿಂದ ಪ್ರತಿ ವರ್ಷ ಪದಬಂಧ ಪೂರ್ತಿ ತುಂಬುತ್ತಾರೆ, ಎಲ್ಲಾದರೂ ಮೂರು ಮನೆ ಮಾತ್ರ ಖಾಲಿ ಬಿಟ್ಟು ಕೊಡುತ್ತಾರೆ. ಅದನ್ನು ಕಂಡಾಗಲೆಲ್ಲ ತಲೆ ಚಿಟ್ಟು ಹಿಡಿಯುತ್ತದೆ. ಅವರ ಮೇಲೆ ಸಿಟ್ಟು — ಅಲ್ಲ, ನನ್ನ ಮೇಲೇ…

ಪರ್ವ ಮುಗಿದ ಮೇಲೆ ನಮ್ಮಲ್ಲಿ ಕ್ಷಮಾವಾಣಿ. ಒಬ್ಬರ ಮುಂದೊಬ್ಬರು ಕೈಮುಗಿದು ಕ್ಷಮೆ ಕೇಳಬೇಕು. ನಾನೂ ವೈನಿಯ ಮುಂದೆ ವರ್ಷ ವರ್ಷ ಕೈಮುಗಿದೆ. “ತಿಳದು ತಿಳೀಲಾರದ ಏನರ ತಪ್ಪಾಗಿದ್ರ ಕ್ಷಮಾ ಮಾಡ್ರಿ.” ಎಷ್ಟು ಸಲೀಸು ಆ ‘ಏನರ’! ಹೋದ ವರ್ಷ ವೈನಿ ಸುಮ್ಮನಿರಲಿಲ್ಲ.

“ತಿಳದು ಮಾಡಿದ್ದು ಯಾವ್ದು ಅಂತ ಹೇಳ್ರಲಾ, ಮಾಸ್ತರ. ಕ್ಷಮಾ ಮಾಡಾಕ ನನಗೂ ಗೊತ್ತಾಗಬೇಕಲ್ಲ.”

ನಾನು ಚಪ್ಪಲಿ ಹುಡುಕುವ ನೆಪ ಮಾಡಿ ಹೊರಗೆ ಬಂದೆ.

ವೈನಿ, ತಿಳಿದು ಮಾಡಿದ್ದು ಇದು. ಈ ವರ್ಷ ಬಸದಿಯ ಬೋರ್ಡಿನ ಮೇಲೆ ಪದಬಂಧದ ಜಾಗದಲ್ಲಿ ಈ ಕಾಗದವನ್ನೇ ಅಂಟಿಸುತ್ತೇನೆ, ಊರು ಓದಲಿ. ಪೀಠದ ಮುಂದೆ ಕೂರುವುದು ಬಿಡುವುದು ನಿಮ್ಮ ಇಷ್ಟ. ಕೂತರೆ, ನಾನು ಹಾರಿಸಿದ ಸಾಲಿನಿಂದಲೇ ಶುರು ಮಾಡಿ. ನಾನು ಕೆಳಗೆ ಕೂತು ಕೇಳುತ್ತೇನೆ.