ಬಿಸಿಲಲ್ಲಿ ಬೆಂದ ಬೇಳೆ

ಎಂಬತ್ತರ ದಶಕದ ಕೊನೆಯಲ್ಲಿ ನಾವು ಸಯನ್‌ನ ಒಂದು ಮೂರಂತಸ್ತಿನ ಬಿಲ್ಡಿಂಗಿನಲ್ಲಿದ್ದೆವು. ಅಪ್ಪ ಚೆಂಬೂರಿನಾಚೆಯ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಅಂಗಳದ ಸೂಪರ್‌ವೈಸರ್. ಬೇಸಿಗೆಯಲ್ಲಿ ಕಲ್ಲಿದ್ದಲಿನ ರಾಶಿ ಒಳಗೊಳಗೇ ಹೊತ್ತಿಕೊಳ್ಳುವುದುಂಟು. ಹೊಗೆ ಕಾಣುವ ಮೊದಲೇ ಅಪ್ಪನಿಗೆ ವಾಸನೆ ಹತ್ತುತ್ತಿತ್ತಂತೆ. ಆ ಬಗ್ಗೆ ಅವರಿಗೆ ಸಣ್ಣ ಜಂಬವಿತ್ತು.

ಒಂದು ದಿನ ಅಮ್ಮ ದಾದರಿನ ಪ್ರದರ್ಶನವೊಂದರಿಂದ ಸೋಲಾರ್ ಕುಕ್ಕರ್ ತಂದಳು. ಸೂಟ್‌ಕೇಸಿನಂಥ ಪೆಟ್ಟಿಗೆ, ಮುಚ್ಚಳದ ಒಳಗೆ ಕನ್ನಡಿ, ನಾಲ್ಕು ಕಪ್ಪು ಡಬ್ಬಿ.

"ಅಲ್ಲಿ ನಾವು ರೈಲುಗಟ್ಟಲೆ ಕಲ್ಲಿದ್ದಲು ಸುಡ್ತೀವಿ. ನೀನು ಈ ಕನ್ನಡೀಲಿ ಅಡುಗೆ ಮಾಡ್ತೀಯಾ?" ಎಂದರು ಅಪ್ಪ.

"ಮಾಡಿದ ಮೇಲೆ ಊಟಕ್ಕೆ ಬನ್ನಿ," ಎಂದಳು ಅಮ್ಮ.

ಟೆರೇಸಿನಲ್ಲಿಟ್ಟ ಬೇಳೆ ಎರಡು ಗಂಟೆಯಾದರೂ ಬೇಯಲಿಲ್ಲ. ಹಪ್ಪಳ ಒಣಹಾಕಲು ಬಂದ ಕೆಳಮನೆಯ ಮರಾಠಿ ಅಜ್ಜಿ, ನೀರಿನ ಟ್ಯಾಂಕಿನ ನೆರಳು ಬೀಳುತ್ತಿದೆಯೆಂದು ತೋರಿಸಿ ಪೆಟ್ಟಿಗೆಯನ್ನು ಸರಿಸಿಕೊಟ್ಟರು. ಅಂದು ನಾವು ಉಂಡದ್ದು ಮೂರು ಗಂಟೆಗೆ. ಅಪ್ಪ ಎರಡು ಸಲ ತೊವ್ವೆ ಹಾಕಿಸಿಕೊಂಡರು.

ಮರುವರ್ಷ ಸ್ಥಾವರದಲ್ಲಿ ಪೈಪಿನಲ್ಲಿ ಬರುವ ಗ್ಯಾಸಿನ ಬಳಕೆ ಹೆಚ್ಚಿತು, ಕಲ್ಲಿದ್ದಲಿನ ಕೆಲಸ ಇಳಿಯಿತು. ಅಪ್ಪನನ್ನು ಸ್ಟೋರ್ಸ್‌ಗೆ ಹಾಕಿದರು. ಅಂಗಿಯ ಕಾಲರು ಬೆಳ್ಳಗೇ ಉಳಿಯುತ್ತದೆಂದು ಅಮ್ಮನಿಗೆ ಸಮಾಧಾನ. ಅಪ್ಪ ಮಾತ್ರ ಊಟದ ನಡುವೆ ಸುಮ್ಮನೆ ತಟ್ಟೆ ನೋಡುತ್ತ ಕೂತುಬಿಡುತ್ತಿದ್ದರು.

"ಆ ಧೂಳು ತಪ್ಪಿತಲ್ಲ, ಒಳ್ಳೇದೇ ಆಯ್ತು," ಎಂದೆ ನಾನೊಮ್ಮೆ. ಆಗಷ್ಟೇ ಕಾಲೇಜು ಸೇರಿದ್ದೆ, ಎಲ್ಲವೂ ಗೊತ್ತಿದೆಯೆಂಬ ವಯಸ್ಸು.

"ಒಳ್ಳೇದೇ ಕಣಮ್ಮ. ಊರಿಗೆಲ್ಲ ಒಳ್ಳೇದು. ಆದ್ರೆ ಆ ಪೈಪಿನ ಪಕ್ಕ ನಾನು ನಿಂತ್ರೆಷ್ಟು, ಬಿಟ್ರೆಷ್ಟು?"

ಹೊಗೆ ಕಡಿಮೆಯಾಗುವುದನ್ನು ಯಾರು ಬೇಡವೆಂದಾರು? ಆದರೆ ಇಪ್ಪತ್ತು ವರ್ಷ ಪಳಗಿದ ಮೂಗೊಂದು ಒಂದೇ ಆರ್ಡರಿಗೆ ಕೆಲಸಕ್ಕೆ ಬಾರದ್ದಾಗಿತ್ತು. ಈ ಎರಡೂ ನಿಜ ಒಂದೇ ಮನೆಯಲ್ಲಿದ್ದವು.

ನಿಧಾನವಾಗಿ, ರಜೆಯ ದಿನಗಳಲ್ಲಿ ಅಪ್ಪ ಟೆರೇಸಿಗೆ ಹೋಗತೊಡಗಿದರು. ಗಂಟೆಗೊಮ್ಮೆ ಪೆಟ್ಟಿಗೆಯನ್ನು ಬಿಸಿಲಿನತ್ತ ತಿರುಗಿಸುವುದು, ಗಾಜು ಒರೆಸುವುದು. ಪದೇ ಪದೇ ಮುಚ್ಚಳ ತೆಗೆದರೆ ಶಾಖ ಹೋಗುತ್ತದೆಂದು ಅಮ್ಮನನ್ನೇ ಗದರುವುದು. ಕೆಳಮನೆಯ ಅಜ್ಜಿಗೆ ಶೇಂಗಾ ಬೇಯಿಸಿಕೊಟ್ಟು, ಉಪ್ಪು ಸಾಕಾಗಿದೆಯೇ ಎಂದು ತಮ್ಮ ಹರಕು ಮರಾಠಿಯಲ್ಲಿ ಕೇಳಿದ್ದೂ ಉಂಟು.

ಜೂನ್‌ನಲ್ಲಿ ಮೋಡ ಕವಿದಾಗ ಅವರೇ ಪೆಟ್ಟಿಗೆಯನ್ನು ಹೊತ್ತು ತಂದು, ಹಳೆಯ ಬೆಡ್‌ಶೀಟ್ ಸುತ್ತಿ ಮಂಚದಡಿ ಇಟ್ಟರು. "ಇನ್ನು ಗಣಪತಿ ಕಳೀಲಿ," ಎಂದಳು ಅಮ್ಮ. ಅಪ್ಪ ತಲೆಯಾಡಿಸಿದರು. ಆದರೂ ಆ ಮಳೆಗಾಲವಿಡೀ, ಬಸ್ಸಿಗೆ ಹೊರಡುವ ಮುನ್ನ ಕಿಟಕಿ ತೆರೆದು ಆಕಾಶ ನೋಡುತ್ತಿದ್ದರು.