ಹತ್ತೊಂಬತ್ತು ವಾರ, ನಾಲ್ಕು ದಿನ

2017ರಲ್ಲಿ ನಾನು ಹೈದರಾಬಾದಿನ ಒಂದು ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಪ್ರಸೂತಿ ತಜ್ಞೆಯಾಗಿದ್ದೆ. ಸೇವೆಗೆ ಸೇರಿ ಇಪ್ಪತ್ತೆರಡು ವರ್ಷವಾಗಿತ್ತು. ನಮ್ಮ ತಂದೆ ರಾಯಚೂರಿನಿಂದ ಇಲ್ಲಿನ ರಕ್ಷಣಾ ಇಲಾಖೆಯ ಕಾರ್ಖಾನೆಗೆ ಕೆಲಸಕ್ಕೆ ಬಂದವರು. ಹಾಗಾಗಿ ನನಗೆ ಮನೆಯಲ್ಲಿ ಕನ್ನಡ, ಹೊರಗೆ ತೆಲುಗು. ಕೊಂಡಾಪುರದ ಕಡೆ ಐಟಿ ಕಂಪನಿಗಳ ಕಟ್ಟಡಗಳು ಒಂದರ ಪಕ್ಕ ಒಂದು ಏಳುತ್ತಿದ್ದ ಕಾಲವದು. ಅವುಗಳಿಗೆ ಕಲ್ಲು, ಸಿಮೆಂಟು ಹೊರುತ್ತಿದ್ದ ಹೆಂಗಸರಲ್ಲಿ ರಾಯಚೂರು, ಯಾದಗಿರಿಯವರು ಬಹಳ. ಕನ್ನಡದವರು ಬಂದರೆ ನರ್ಸ್‌ಗಳು ನೇರವಾಗಿ ನನ್ನ ಕೋಣೆಗೆ ಕಳಿಸುತ್ತಿದ್ದರು.

ಶರಣಮ್ಮ ಬಂದದ್ದು ಹಾಗೆಯೇ, ಒಂದು ಶುಕ್ರವಾರ. ದೇವದುರ್ಗ ತಾಲ್ಲೂಕಿನವಳು, ಇಪ್ಪತ್ತನಾಲ್ಕು ವರ್ಷ. ಮೊದಲ ಬಸಿರು ಮೂರನೇ ತಿಂಗಳಿಗೇ ಹೋಗಿತ್ತು, ಇದು ಎರಡನೆಯದು. ಗಂಡ ದೇವಪ್ಪ ಖಾಸಗಿ ಕೇಂದ್ರದಲ್ಲಿ ಮಾಡಿಸಿದ ಸ್ಕ್ಯಾನ್ ವರದಿಯನ್ನು ಮೇಜಿನ ಮೇಲಿಟ್ಟ. ಅದರಲ್ಲಿ ‘ಅನೆನ್‌ಸೆಫಲಿ’ ಇರಬಹುದೆಂಬ ಶಂಕೆ ಬರೆದಿತ್ತು. ಅಂದರೆ ಮಗುವಿನ ತಲೆಬುರುಡೆಯೂ ಮೆದುಳಿನ ಮುಖ್ಯ ಭಾಗವೂ ಬೆಳೆದಿಲ್ಲ. ಅಂಥ ಮಗು ಹುಟ್ಟಿದರೂ ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನ.

ಆಗಿನ ಕಾನೂನಿನ ಪ್ರಕಾರ ಇಪ್ಪತ್ತು ವಾರದವರೆಗೆ ಇಬ್ಬರು ವೈದ್ಯರು ಒಪ್ಪಿದರೆ ಗರ್ಭಪಾತ ಮಾಡಬಹುದಿತ್ತು. ಅದು ದಾಟಿದರೆ ತಾಯಿಯ ಪ್ರಾಣ ಉಳಿಸಲು ಮಾತ್ರ. ಶರಣಮ್ಮನಿಗೆ ಆ ದಿನ ಹತ್ತೊಂಬತ್ತು ವಾರ, ನಾಲ್ಕು ದಿನ. ನಾನು ಹತ್ತೊಂಬತ್ತನ್ನು ನೋಡಿದೆ, ನಾಲ್ಕನ್ನು ನೋಡಲಿಲ್ಲ. ಹೊರಗೆ ಎಪ್ಪತ್ತು ಮಂದಿ ಸಾಲಿನಲ್ಲಿದ್ದರು. ಶಂಕೆಯನ್ನು ನಮ್ಮ ರೇಡಿಯಾಲಜಿಸ್ಟ್ ಖಚಿತಪಡಿಸಲಿ ಎಂದುಕೊಂಡೆ. ಅವರು ಬುಧವಾರದವರೆಗೆ ರಜೆಯಲ್ಲಿದ್ದರು. ಬೇರೆ ಆಸ್ಪತ್ರೆಗೆ ಒಂದು ಫೋನ್ ಮಾಡಿದ್ದರೆ ಅಂದೇ ಸ್ಕ್ಯಾನ್ ಆಗುತ್ತಿತ್ತು. ನಾನು ಮಾಡಲಿಲ್ಲ. “ಗುರುವಾರ ಬಾ ತಂಗಿ” ಎಂದು ಕಳಿಸಿಬಿಟ್ಟೆ.

ಗುರುವಾರ ಶಂಕೆ ನಿಜವೆಂದು ಗೊತ್ತಾಯಿತು. ಆದರೆ ಅಷ್ಟರಲ್ಲಿ ಇಪ್ಪತ್ತು ವಾರ ಕಳೆದು ಮೇಲೆ ಮೂರು ದಿನವಾಗಿತ್ತು. ಇನ್ನು ಕೋರ್ಟಿನ ಅನುಮತಿ ಇಲ್ಲದೆ ನಾವು ಏನೂ ಮಾಡುವಂತಿಲ್ಲ ಎಂದು ಹೇಳಿದಾಗ ದೇವಪ್ಪ ಕೇಳಿದ: “ಹೋದ ವಾರ ಬಂದಿದ್ವಲ್ರಿ ಮೇಡಂ. ಅವತ್ತ ಆಗತಿತ್ತೇನ್ರಿ?”

“ಆಗತಿತ್ತು” ಎಂದೆ. ಅವನು ಕೂಗಾಡಲಿಲ್ಲ. ಹೆಂಡತಿಯ ಚೀಲ ಎತ್ತಿಕೊಂಡು ಬೆಂಚಿನ ಮೇಲೆ ಹೋಗಿ ಕುಳಿತ.

ಉಚಿತ ಕಾನೂನು ನೆರವಿನ ಯುವ ವಕೀಲೆಯೊಬ್ಬಳು ಹೈಕೋರ್ಟಿನಲ್ಲಿ ಅರ್ಜಿ ಹಾಕಿದಳು. ಅಂಥ ಕೆಲವು ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ಆಗಲೇ ಅನುಮತಿ ಕೊಟ್ಟಿತ್ತು. ಕಾನೂನನ್ನೇ ಬದಲಿಸಬೇಕೆಂಬ ಕೂಗಿತ್ತು, ಬದಲಿಸಬಾರದೆಂಬ ಕೂಗೂ ಇತ್ತು. ಹೆಣ್ಣಿನ ಹಕ್ಕು ದೊಡ್ಡದೋ, ಹುಟ್ಟದ ಜೀವದ ಹಕ್ಕು ದೊಡ್ಡದೋ ಎಂದು ಟಿವಿಯಲ್ಲಿ ಚರ್ಚೆ ನಡೆದರೆ ನಮ್ಮ ಡ್ಯೂಟಿ ರೂಮಿನಲ್ಲೂ ಎರಡು ಪಕ್ಷವಾಗುತ್ತಿತ್ತು. ಆ ದಿನಗಳಲ್ಲಿ ನಾನು ಯಾವ ಪಕ್ಷವನ್ನೂ ವಹಿಸಲಿಲ್ಲ.

ಕೋರ್ಟಿನ ಸೂಚನೆಯಂತೆ ನಮ್ಮಲ್ಲೇ ಐವರು ವೈದ್ಯರ ಮೆಡಿಕಲ್ ಬೋರ್ಡ್ ರಚನೆಯಾಯಿತು. ಸೂಪರಿಂಟೆಂಡೆಂಟ್ ಅಧ್ಯಕ್ಷರು. ಶರಣಮ್ಮನಿಗೆ ಚಿಕಿತ್ಸೆ ಕೊಡುತ್ತಿದ್ದವಳಾದ್ದರಿಂದ ನಾನು ಸದಸ್ಯೆಯಲ್ಲ. ಪ್ರಕರಣ ವಿವರಿಸುವುದಷ್ಟೇ ನನ್ನ ಕೆಲಸ. ಸದಸ್ಯರಲ್ಲಿ ಮಕ್ಕಳ ವಿಭಾಗದ ಮುಖ್ಯಸ್ಥರಿದ್ದರು, ನನಗೆ ಪಾಠ ಹೇಳಿದ ಗುರುಗಳು. ಸಭೆಗೆ ಮೊದಲು ಅವರು ತೆಲುಗಿನಲ್ಲಿ ಕೇಳಿದರು: “ಒಂದು ಗಂಟೆ ಉಸಿರಾಡಿದರೂ ಅದು ಜೀವವೇ ಅಲ್ಲವೇನಮ್ಮಾ? ಇವತ್ತು ಇದಕ್ಕೆ ಹೂಂ ಅಂದರೆ ನಾಳೆ ಗೆರೆ ಎಲ್ಲಿ ಎಳೆಯುತ್ತೀಯಾ?” ನಾನು ವರದಿಗಳ ಕಡತವನ್ನು ಅವರ ಮುಂದಿಟ್ಟೆ. ಆ ಪ್ರಶ್ನೆಗೆ ಪೂರ್ತಿ ಉತ್ತರ ನನ್ನಲ್ಲಿ ಈಗಲೂ ಇಲ್ಲ.

ಶರಣಮ್ಮನನ್ನು ಒಳಗೆ ಕರೆದರು. ತೆಲುಗಿನಲ್ಲಿ, ಹಿಂದಿಯಲ್ಲಿ ಏನು ಕೇಳಿದರೂ ಆಕೆ ತಲೆಯಾಡಿಸಿದಳು. ‘ಮುಂದುವರಿಸುತ್ತೀಯಾ?’ ಎಂದರೂ ಹೂಂ, ‘ಬೇಡವಾ?’ ಎಂದರೂ ಹೂಂ. ಗಂಡ ಹೇಳಿದಂತೆ ಬಂದಿದ್ದಾಳೆ, ಇವಳಿಗೆ ಏನೂ ತಿಳಿಯದು ಎಂದರು ಒಬ್ಬರು. ನಾನು ಅಧ್ಯಕ್ಷರ ಒಪ್ಪಿಗೆ ಪಡೆದು ಆಕೆಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತೆ.

“ದೇವಪ್ಪ ಏನಂತಾನ ಅಂತ ಬ್ಯಾಡ. ನಿನಗ ಏನ್ ಅನಸ್ತೈತಿ, ಅದನ್ನ ಹೇಳು ತಂಗಿ.”

ಆಕೆ ನನ್ನ ಕಡೆ ತಿರುಗಿದಳು. ಆಮೇಲೆ ಒಂದೇ ಸಮ ಮಾತಾಡಿದಳು. “ಒಳಗ ಒದಿತೈತ್ರಿ. ಒದ್ದಾಗೊಮ್ಮೆ ನೀವೆಲ್ಲಾ ಸುಳ್ಳು ಹೇಳಾಕತ್ತೀರಿ ಅನಸ್ತೈತಿ. ನಮ್ಮ ಕೂಲಿ ಶೆಡ್ಡಿನ ಹೆಣಮಕ್ಕಳು ಹೆಸರು ಏನಿಡ್ತಿ ಅಂತ ಕೇಳ್ತಾರ. ಕೂಸಿಗಂತ ಅಂಗಿ ಹೊಲದು ಕೊಟ್ಟಾರ. ನಾ ಏನ್ ಹೇಳ್ಲಿ ಅವರಿಗೆ? ಇನ್ನ ನಾಕ ತಿಂಗಳ ಹಿಂಗ ನಕ್ಕೋತ ತಿರಗಾಕ ನನ್ನ ಕೈಲೆ ಆಗಂಗಿಲ್ರಿ. ನನಗ ಬ್ಯಾಡ. ನಾನ ಹೇಳಾಕತ್ತೀನಿ, ಅವ ಅಲ್ಲ.”

ಒಂದೊಂದೇ ವಾಕ್ಯವನ್ನು ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಗುರುಗಳು ತಾವೇ ಪೆನ್ನು ತೆಗೆದು ಬರೆದುಕೊಂಡರು.

ವೈದ್ಯಕೀಯ ಅಭಿಪ್ರಾಯದಲ್ಲಿ ಭಿನ್ನಮತ ಬರಲಿಲ್ಲ. ತೊಂದರೆ ಬಂದದ್ದು ವರದಿಯ ಕರಡಿನ ಒಂದು ಸಾಲಿನಲ್ಲಿ: ‘ರೋಗಿಯು ತಡವಾಗಿ ಆಸ್ಪತ್ರೆಗೆ ಬಂದಿದ್ದಾರೆ.’ ಎಲ್ಲ ವರದಿಗಳಲ್ಲೂ ಕಣ್ಣು ಮುಚ್ಚಿ ಹಾಕುವ ಸಾಲದು. ಆದರೆ ಅದು ಕೋರ್ಟಿಗೆ ಹೋದರೆ ತಪ್ಪು ಅವಳದ್ದೇ ಆಗುತ್ತಿತ್ತು. ನನ್ನ ಬಡ್ತಿಯ ಕಡತ ಆಗ ಸೂಪರಿಂಟೆಂಡೆಂಟರ ಮೇಜಿನ ಮೇಲೆಯೇ ಇತ್ತು. ನಾನು ಎದ್ದು ನಿಂತೆ.

“ಅವಳು ಸಮಯಕ್ಕೆ ಬಂದಿದ್ದಳು ಸಾರ್. ತಡ ಮಾಡಿದ್ದು ನಾನು. ಹಾಗೇ ಬರೆಯಿರಿ.”

“ಇದು ಹೈಕೋರ್ಟಿಗೆ ಹೋಗುವ ಕಾಗದ. ಯೋಚನೆ ಮಾಡಿ” ಎಂದರು ಸೂಪರಿಂಟೆಂಡೆಂಟ್.

ಆಗ ಗುರುಗಳೇ ಕರಡನ್ನು ತಮ್ಮ ಕಡೆ ಎಳೆದುಕೊಂಡು ಆ ಸಾಲನ್ನು ಹೊಡೆದುಹಾಕಿದರು. “ನನ್ನ ನಂಬಿಕೆ ಬೇರೆ. ಆದರೆ ಆ ಹುಡುಗಿಯ ಮೇಲೆ ಸುಳ್ಳು ಹೊರಿಸಿ ನಾನು ಸಹಿ ಹಾಕುವುದಿಲ್ಲ” ಎಂದು ಸರಿಯಾದ ತಾರೀಕುಗಳನ್ನು ಬರೆದು, ಕೆಳಗೆ ಮೊದಲ ಸಹಿ ಹಾಕಿದರು.

ಹೈಕೋರ್ಟ್ ಅನುಮತಿ ಕೊಟ್ಟಿತು. ಅರ್ಜಿದಾರಳಿಂದ ವಿಳಂಬವಾಗಿಲ್ಲ ಎಂಬ ಮಾತೂ ಆದೇಶದಲ್ಲಿತ್ತು. ಆದೇಶ ಕೈಗೆ ಬಂದಾಗ ಇಪ್ಪತ್ಮೂರು ವಾರ ಒಂದು ದಿನ. ಮರುದಿನ ಔಷಧ ಶುರು ಮಾಡಿದೆವು. ಹತ್ತೊಂಬತ್ತನೇ ವಾರದಲ್ಲಿ ಆಗುತ್ತಿದ್ದುದಕ್ಕಿಂತ ನೋವು ಹೆಚ್ಚಾಯಿತು, ರಕ್ತವೂ ಹೆಚ್ಚು ಹೋಯಿತು. ಮಗುವಿಗೆ ಜೀವವಿರಲಿಲ್ಲ. ಶರಣಮ್ಮ ನೋಡಬೇಕೆಂದಳು. ನರ್ಸ್ ಹಿಂಜರಿದಳು. ನಾನು ತಲೆಯ ಸುತ್ತ ಬಿಳಿ ಬಟ್ಟೆ ಸುತ್ತಿ ಕೈಗೆ ಕೊಟ್ಟೆ. ಬಹಳ ಹೊತ್ತು ನೋಡಿ, “ಗದ್ದ ಅವರಪ್ಪಂದೇ ಐತ್ರಿ” ಎಂದಳು. ದೇವಪ್ಪ ಗೋಡೆಗೆ ಮುಖ ಮಾಡಿ ನಿಂತ. ಮಣ್ಣು ಮಾಡಲು ಅವರೇ ತೆಗೆದುಕೊಂಡು ಹೋದರು.

ಬಿಡುಗಡೆಯ ದಿನ ನಾನು ಆಕೆಯಲ್ಲಿ ಕ್ಷಮೆ ಕೇಳಿದೆ. ಇಪ್ಪತ್ತೆರಡು ವರ್ಷದಲ್ಲಿ ರೋಗಿಯೊಬ್ಬಳ ಮುಂದೆ ಆ ಮಾತು ಆಡಿದ್ದು ಅದೇ ಮೊದಲು. ಆಕೆ ಸೆರಗು ಸರಿಮಾಡಿಕೊಂಡು ಹೇಳಿದಳು: “ನೀವು ಖರೇ ಬರಸಿದ್ರಿ ಅಂತ ವಕೀಲಮ್ಮ ಹೇಳಿದ್ರು. ಅದಕ್ಕ ನಿಮ್ಮ ಮ್ಯಾಲೆ ಸಿಟ್ಟಿಲ್ರಿ. ಆದ್ರ ಒದಿಯೂದು ಶುರು ಆಗಿದ್ದು ನೀವು ಬಾ ಅಂದ ಗುರುವಾರ ಆದಮ್ಯಾಲೇರಿ. ಅದಕಿಂತ ಮೊದಲ ತಗದಿದ್ರ ಆ ಒದಿಯೂದು ನನಗ ಗೊತ್ತ ಆಗತಿರಲಿಲ್ಲ.”

ವಿಳಂಬಕ್ಕೆ ಕಾರಣ ಕೇಳಿ ನನಗೆ ಮೆಮೊ ಬಂತು. ಬಡ್ತಿ ಎರಡು ವರ್ಷ ತಡವಾಯಿತು. 2021ರಲ್ಲಿ ಕಾನೂನು ತಿದ್ದುಪಡಿಯಾಗಿ, ಗಂಭೀರ ನ್ಯೂನತೆಯನ್ನು ಮೆಡಿಕಲ್ ಬೋರ್ಡ್ ದೃಢಪಡಿಸಿದರೆ ವಾರಗಳ ಮಿತಿ ಅಡ್ಡ ಬರುವುದಿಲ್ಲ ಎಂದಾಯಿತು. ಹಕ್ಕಿನ ವಾದ ಇನ್ನೂ ಮುಗಿದಿಲ್ಲ, ಮುಗಿಯುವಂಥದ್ದೂ ಅಲ್ಲ. ನಾನು ಕಲಿತದ್ದು ಅದಕ್ಕಿಂತ ಸಣ್ಣದು. ಕಾನೂನು ವಾರಗಳನ್ನು ಎಣಿಸುತ್ತದೆ, ವೈದ್ಯರಾದ ನಾವು ಸಾಲಿನಲ್ಲಿ ನಿಂತವರನ್ನು ಎಣಿಸುತ್ತೇವೆ. ಎದುರು ಕೂತ ಹೆಂಗಸು ಮಾತ್ರ ತನ್ನ ಹೊಟ್ಟೆಯೊಳಗೆ ಒಂದೊಂದು ದಿನವನ್ನೂ ಬದುಕುತ್ತಿರುತ್ತಾಳೆ.